ಎಸ್.ಪಿ. ರಸ್ತೆಗೆ ಒಂದು ಯಾತ್ರೆ

ಯಾತ್ರೆಗೆ ಹೊರಟವರು ಸಾಮಾನ್ಯವಾಗಿ ಬೆಟ್ಟವನ್ನೋ ನದಿಯನ್ನೋ ದೇವಾಲಯವನ್ನೋ ಅರಸಿಕೊಂಡು ಹೋಗುವರು. ಹಿಂದಿರುಗಿ ಬಂದು ಅಲ್ಲಿಯ ಸೊಬಗನ್ನು ನಾಲ್ಕು ಮಂದಿಗೆ ತಿಳಿಸುವರು. ಕಳೆದ ಮಾರ್ಗಶಿರ ಮಾಸದಲ್ಲಿ ನಾವು ಮೈಸೂರಿನಿಂದ ಬೆಂಗಳೂರಿಗೆ ಕೈಗೊಂಡ ಯಾತ್ರೆಗೆ ಅಂತಹ ಹಿರಿಮೆಯೇನೂ ಇರಲಿಲ್ಲ. ಅಗ್ಗದ ಬೆಲೆಯ ಒಂದು ಡಿ.ವಿ.ಡಿ. ಪ್ಲೇಯರನ್ನು ಕೊಂಡು ತರುವುದಷ್ಟೇ ಅದರ ಉದ್ದೇಶ. ಆದರೂ ಆ ಒಂದು ದಿನದಲ್ಲಿ ನಾವು ಕಂಡು ಕಲಿತ ಸಂಗತಿಗಳು ಇತರ ಮನೆಗಳಿಗೂ ಉಪಯೋಗಕ್ಕೆ ಬಂದಾವೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲು ಯಾತ್ರೆಯ ಕಾರಣವನ್ನು ಹೇಳಬೇಕು. ನಾವು ಅಕ್ಕ ತಮ್ಮ ಇಬ್ಬರು. ನಮ್ಮ ತಂದೆಯವರು ಶಾಲೆಯ ಉಪಾಧ್ಯಾಯರಾಗಿದ್ದವರು. ಸಂಜೆಯ ಹೊತ್ತು ಕುಮಾರವ್ಯಾಸನ ಭಾರತವನ್ನು ರಾಗವಾಗಿ ಓದುವುದು ಅವರ ಬಾಳಿನ ದೊಡ್ಡ ಸಂತೋಷವಾಗಿದ್ದಿತು. 2003ರಲ್ಲಿ ನಮ್ಮ ಮನೆಯ ಗೃಹಪ್ರವೇಶವಾದಾಗ ಬಂಧುಗಳ ಒತ್ತಾಯಕ್ಕೆ ಮಣಿದು ಅವರು ಉದ್ಯೋಗಪರ್ವದ ಕರ್ಣಭೇದನ ಪ್ರಸಂಗವನ್ನು ಸುಮಾರು ಮುಕ್ಕಾಲು ಗಂಟೆ ಓದಿದರು. ಸಮಾರಂಭವನ್ನು ಚಿತ್ರಿಸಲು ಬಂದಿದ್ದ ಫೋಟೋದವನು ಅದನ್ನೂ ಸೆರೆಹಿಡಿದು ಎರಡು ವಿ.ಸಿ.ಡಿ.ಗಳಲ್ಲಿ ತುಂಬಿಸಿ ಕೊಟ್ಟಿದ್ದನು. ತಂದೆಯವರು 2011ರಲ್ಲಿ ತೀರಿಕೊಂಡರು. ಅವರ ಕಂಠವು ಉಳಿದಿರುವುದು ಆ ಡಿಸ್ಕಿನಲ್ಲಿ ಮಾತ್ರ. ವರ್ಷಕ್ಕೊಮ್ಮೆ, ಅವರ ಶ್ರಾದ್ಧದ ಮಾರನೆಯ ದಿನ, ಅಮ್ಮ ಅದನ್ನು ಹಾಕಿಸಿಕೊಂಡು ಕೇಳುವುದು ಮನೆಯ ಪದ್ಧತಿಯಾಗಿ ಬೆಳೆದಿತ್ತು.

ಈ ಸಲ ದೀಪಾವಳಿಯಲ್ಲಿ ಹಳೆಯ ಪ್ಲೇಯರನ್ನು ಒರೆಸಿ ಪರೀಕ್ಷಿಸಿದಾಗ ವಿಚಿತ್ರವೊಂದು ಕಂಡಿತು. ‘ಬಂಗಾರದ ಮನುಷ್ಯ’ದ ಡಿ.ವಿ.ಡಿ. ಚೆನ್ನಾಗಿ ನಡೆಯಿತು, ತಂದೆಯವರ ಡಿಸ್ಕನ್ನು ಹಾಕಿದರೆ ಯಂತ್ರವು ಸ್ವಲ್ಪ ಹೊತ್ತು ಗಿರ್ರೆಂದು ತಿರುಗಿ ‘ಡಿಸ್ಕ್ ಇಲ್ಲ’ ಎಂದು ತೋರಿಸಿತು. ಅಮ್ಮ ಏನನ್ನೂ ಹೇಳಲಿಲ್ಲ. ಡಿಸ್ಕನ್ನು ಸೆರಗಿನ ಅಂಚಿನಿಂದ ಒರೆಸಿ ಕವರಿನೊಳಗೆ ಇಟ್ಟು ಒಳಗೆ ಹೋದರು. ಅವರಿಗೆ ಈಗ ಎಂಬತ್ತೊಂದು ವರ್ಷ. ಶ್ರಾದ್ಧವು ಪುಷ್ಯಮಾಸದಲ್ಲಿ ಬರುವುದು. ಅಷ್ಟರೊಳಗೆ ಬೇರೊಂದು ಯಂತ್ರ ಮನೆಗೆ ಬರಲೇಬೇಕೆಂದು ನಾವು ನಿಶ್ಚಯಿಸಿದೆವು.

ಮೈಸೂರಿನ ಮೂರು ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿದೆವು. ಗೋಡೆಯಗಲದ ಟಿ.ವಿ.ಗಳು ಅಲ್ಲಿ ಸಾಲಾಗಿ ಬೆಳಗುತ್ತಿದ್ದವು, ಡಿ.ವಿ.ಡಿ. ಪ್ಲೇಯರು ಮಾತ್ರ ಇರಲಿಲ್ಲ. “ಈಗ ಡಿಸ್ಕು ಯಾರು ಹಾಕ್ತಾರೆ ಸಾರ್?” ಎಂದು ಒಬ್ಬ ಹುಡುಗನು ನಕ್ಕನು. ಅವನ ಮಾತಿನಲ್ಲಿ ತಪ್ಪಿಲ್ಲ. ವಿ.ಸಿ.ಡಿ. ಎಂಬುದು 1993ರಲ್ಲಿ ಹುಟ್ಟಿದುದು, ಡಿ.ವಿ.ಡಿ. ಪ್ಲೇಯರುಗಳು ಮೊದಲು ಮಾರಾಟಕ್ಕೆ ಬಂದುದು 1996ರ ನವೆಂಬರಿನಲ್ಲಿ, ಜಪಾನಿನಲ್ಲಿ. ನಮ್ಮ ದೇಶದಲ್ಲಿ ಚಲನಚಿತ್ರದ ಡಿಸ್ಕುಗಳನ್ನು ಅಗ್ಗದ ಬೆಲೆಗೆ ಮನೆಮನೆಗೆ ಮುಟ್ಟಿಸಿದ ಮೋಸರ್ ಬೇರ್ ಸಂಸ್ಥೆಯು ದಿವಾಳಿಯ ಪ್ರಕ್ರಿಯೆಗೆ ಸಿಕ್ಕಿ 2018ರಲ್ಲಿ ಸಮಾಪನಗೊಳ್ಳುವ ಸ್ಥಿತಿಗೆ ಬಂದಿತು. ಸ್ಯಾಮ್‌ಸಂಗ್ ಸಂಸ್ಥೆಯು 2019ರಲ್ಲಿ ಅಮೆರಿಕೆಯ ಮಾರುಕಟ್ಟೆಗೆ ಹೊಸ ಬ್ಲೂ-ರೇ ಪ್ಲೇಯರುಗಳನ್ನು ತರುವುದನ್ನು ನಿಲ್ಲಿಸಿತು. ಒಂದು ಕಾಲದ ಸೋಜಿಗವು ಇನ್ನೊಂದು ಕಾಲಕ್ಕೆ ಅಟ್ಟದ ಸಾಮಾನಾಗುವುದು ಲೋಕದ ನಿಯಮ. ಆದರೆ ಅಟ್ಟದ ಸಾಮಾನಿನಲ್ಲಿ ತಂದೆಯ ಧ್ವನಿ ಇದ್ದರೆ ಏನು ಮಾಡಬೇಕು? ಆಗ ಬಂಧುವೊಬ್ಬರು, “ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ಅಲ್ಲಿ ಸಿಕ್ಕದಿದ್ದರೆ ಇನ್ನೆಲ್ಲಿಯೂ ಸಿಕ್ಕದು. ಭಾನುವಾರ ಮಾತ್ರ ಹೋಗಬೇಡಿ, ಅಂಗಡಿಗಳೆಲ್ಲ ಮುಚ್ಚಿರುತ್ತವೆ” ಎಂದು ಹೇಳಿದರು.

ಹೊರಡುವ ಹಿಂದಿನ ರಾತ್ರಿ ಅಕ್ಕ ಬುತ್ತಿಯ ಚೀಲದಲ್ಲಿ ಚಪಾತಿಯ ಡಬ್ಬಿಯ ಪಕ್ಕಕ್ಕೆ ಐದು ವಸ್ತುಗಳನ್ನು ಇಟ್ಟಳು. ಮೊದಲನೆಯದು ತಂದೆಯವರ ವಿ.ಸಿ.ಡಿ. ಎರಡನೆಯದು ‘ಬಂಗಾರದ ಮನುಷ್ಯ.’ ಮೂರನೆಯದು, ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗಳು ಮಕ್ಕಳಿಗೆಂದು ಕಳುಹಿಸಿದ್ದ ಚಿತ್ರದ ಡಿಸ್ಕು. ನಾಲ್ಕನೆಯದು, ಸೋದರಳಿಯನು 2009ರಲ್ಲಿ ಬದರೀಯಾತ್ರೆಯ ದೃಶ್ಯಗಳನ್ನು ಕಂಪ್ಯೂಟರಿನಿಂದ ತುಂಬಿಕೊಟ್ಟ ಡಿಸ್ಕು. ಐದನೆಯದು, ಮೊಬೈಲಿನಲ್ಲಿ ತೆಗೆದ ಮೊಮ್ಮಗನ ನಾಮಕರಣದ ದೃಶ್ಯವಿದ್ದ ಪೆನ್ ಡ್ರೈವು. “ಅಕ್ಕಿ ಕೊಳ್ಳುವಾಗ ಒಂದು ಹಿಡಿ ಬೇಯಿಸಿ ನೋಡುವುದಿಲ್ಲವೇ? ಯಂತ್ರವನ್ನೂ ನಮ್ಮ ಡಿಸ್ಕು ಹಾಕಿಯೇ ನೋಡಬೇಕು” ಎಂಬುದು ಅವಳ ವಾದ. ಆ ಮಾತಿನ ಬೆಲೆ ನಮಗೆ ಮಾರನೆಯ ದಿನ ತಿಳಿಯಿತು.

ಬೆಳಗಿನ ರೈಲನ್ನು ಹಿಡಿದೆವು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಮಂಡ್ಯದ ಕಬ್ಬಿನ ಗದ್ದೆಗಳು ಕಳೆದು, ಮದ್ದೂರಿನ ವಡೆಯ ಪರಿಮಳ ಗಾಡಿಯೊಳಗೆ ಹಬ್ಬಿ, ಚನ್ನಪಟ್ಟಣವೂ ಹಿಂದೆ ಬಿದ್ದಿತು. ರಾಮನಗರದ ಬಂಡೆಗಳು ಕಂಡೊಡನೆ ಎದುರಿನ ಹಿರಿಯರೊಬ್ಬರು, 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರವನ್ನು ತೆಗೆದುದು ಇಲ್ಲಿಯೇ ಎಂದು ತಮ್ಮ ಮೊಮ್ಮಗಳಿಗೆ ತೋರಿಸಿದರು. ಹುಡುಗಿಯು ಕೈಯಲ್ಲಿದ್ದ ಮೊಬೈಲಿನಲ್ಲಿ ಆ ಚಿತ್ರದ ಹಾಡೊಂದನ್ನು ಕ್ಷಣದಲ್ಲಿ ಹುಡುಕಿ ಅಜ್ಜನಿಗೆ ಕೇಳಿಸಿದಳು. ಲೋಕಪ್ರಸಿದ್ಧವಾದ ಚಿತ್ರವು ಎಲ್ಲಿ ಬೇಕಾದರೂ ದೊರೆಯುವುದು. ಮನೆಯ ಚಿತ್ರವು ಮನೆಯ ಪೆಟ್ಟಿಗೆಯಲ್ಲಿ ಮಾತ್ರ ದೊರೆಯುವುದು ಎಂಬ ಯೋಚನೆ ನಮ್ಮ ಮನಸ್ಸಿನಲ್ಲಿ ಹಾದುಹೋಯಿತು.

ಬೆಂಗಳೂರಿನಲ್ಲಿ ಇಳಿದು, ನೆಲದಡಿಯ ಮೆಟ್ರೋ ಗಾಡಿಯಲ್ಲಿ ಒಂದೇ ನಿಲ್ದಾಣವನ್ನು ಕ್ರಮಿಸಿ ಚಿಕ್ಕಪೇಟೆಯಲ್ಲಿ ಮೇಲೆ ಬಂದೆವು. ಈ ದಾರಿ 2017ರಿಂದ ತೆರೆದಿದೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳುವ ಹಳೆಯ ಪೇಟೆ ಇದೇ. ಒಂದೊಂದು ಕಸುಬಿಗೂ ವ್ಯಾಪಾರಕ್ಕೂ ಒಂದೊಂದು ಬೀದಿ ಎಂಬ ಅಂದಿನ ಏರ್ಪಾಡು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಒಂದು ಕಡೆ ರೇಷ್ಮೆ ಸೀರೆ, ಇನ್ನೊಂದು ಕಡೆ ಬಳೆ, ಮತ್ತೊಂದು ಕಡೆ ಪುಸ್ತಕ. ದೊಡ್ಡಪೇಟೆಯ ಜನಸಂದಣಿಯಲ್ಲಿ ಒಬ್ಬರನ್ನೊಬ್ಬರು ಕೈಹಿಡಿದು ದಾಟಿ, ನಗರ್ತಪೇಟೆಯ ಕಿರುಬೀದಿಗಳಲ್ಲಿ ನಾಲ್ಕಾರು ಸಲ ದಾರಿ ಕೇಳಿ, ಕಡೆಗೆ ಸದರ್ ಪತ್ರಪ್ಪ ರಸ್ತೆಯನ್ನು ಸೇರಿದೆವು. ಎಸ್.ಪಿ. ರಸ್ತೆ ಎಂದರೆ ಇದೇ. ಇಲ್ಲಿಗೆ ಅನತಿದೂರದ ಮಾರುಕಟ್ಟೆಯ ಬಳಿಯಲ್ಲಿಯೇ 1905ರ ಆಗಸ್ಟ್ 5ರಂದು, ಶಿವನಸಮುದ್ರದಿಂದ ಬಂದ ವಿದ್ಯುತ್ತಿನಿಂದ, ಬೆಂಗಳೂರಿನ ಬೀದಿದೀಪಗಳು ಮೊದಲು ಹೊತ್ತಿದುವು. ಆ ವಿದ್ಯುತ್ತಿನ ಮಕ್ಕಳು ಮೊಮ್ಮಕ್ಕಳೆಲ್ಲ ಒಂದೆಡೆ ನೆರೆದಂತೆ ಈ ರಸ್ತೆ ತೋರುವುದು. ತಂತಿಯ ಸುರುಳಿಗಳು, ಸಣ್ಣ ಮೋಟಾರುಗಳು, ಬಗೆಬಗೆಯ ರಿಮೋಟುಗಳು, ಬಿಚ್ಚಿದ ಕಂಪ್ಯೂಟರುಗಳು, ಮೊರದಲ್ಲಿ ಕಾಳಿನಂತೆ ರಾಶಿ ಹಾಕಿದ ಬಿಡಿಭಾಗಗಳು ಇಲ್ಲಿ ಅಂಗಡಿಯಿಂದ ಅಂಗಡಿಗೆ ಸಾಲಾಗಿವೆ. ಅವುಗಳ ನಡುವೆ ಸಾಮಾನು ಹೊತ್ತವರು “ದಾರಿ, ದಾರಿ” ಎಂದು ಕೂಗುತ್ತ ನುಗ್ಗುವರು.

ಮೊದಲ ಅಂಗಡಿಯಲ್ಲಿ ಮೆರುಗಿನ ಪೆಟ್ಟಿಗೆಯೊಂದನ್ನು ನಮ್ಮ ಮುಂದಿಟ್ಟರು. ಅದರ ಮೇಲೆ ಹದಿನಾಲ್ಕು ಬಗೆಯ ವಿಡಿಯೋಗಳ ಹೆಸರು ಅಚ್ಚಾಗಿತ್ತು. ಬೆಲೆ 4,200 ರೂಪಾಯಿ. “ಎಲ್ಲವೂ ನಡೆಯುತ್ತೆ ಅಮ್ಮಾ, ಯೋಚನೆಯೇ ಬೇಡ” ಎಂದು ಅಂಗಡಿಯವನು ಭರವಸೆ ಕೊಟ್ಟನು. ಅಕ್ಕ ಚೀಲದಿಂದ ತಂದೆಯವರ ಡಿಸ್ಕನ್ನು ತೆಗೆದಳು. ಅವನು ಒಲ್ಲದ ಮನಸ್ಸಿನಿಂದ ಯಂತ್ರವನ್ನು ಟಿ.ವಿ.ಗೆ ಜೋಡಿಸಿದನು. ಡಿಸ್ಕು ತಿರುಗಿತು, ತಿರುಗುತ್ತಲೇ ಇದ್ದಿತು, ನಿಂತಿತು. “ಡಿಸ್ಕೇ ಹಾಳಾಗಿದೆ, ಬಿಸಾಡಿ” ಎಂದು ಅವನು ಅದನ್ನು ಹಿಂದಕ್ಕೆ ಚಾಚಿದನು. ನಮ್ಮ ಎದೆ ಒಮ್ಮೆ ಧಸಕ್ಕೆಂದಿತು. ಮಾತನಾಡದೆ ಹೊರಗೆ ಬಂದು, ಒಂದು ಕಬ್ಬಿನ ಹಾಲಿನ ಗಾಡಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಇಷ್ಟು ದೂರ ಬಂದು ಈ ಮಾತನ್ನು ಹೊತ್ತುಕೊಂಡು ಅಮ್ಮನ ಮುಂದೆ ನಿಲ್ಲುವುದು ಹೇಗೆ?

ಆ ರಸ್ತೆಯಿಂದ ಒಡೆದ ಓಣಿಯೊಂದರಲ್ಲಿ, ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿ, ವಯಸ್ಸಾದವರೊಬ್ಬರು ಕನ್ನಡಕವನ್ನು ಹಣೆಗೇರಿಸಿಕೊಂಡು ಯಾವುದೋ ಯಂತ್ರವನ್ನು ಬೆಸೆಯುತ್ತಿದ್ದರು. ಹಳೆಯ ಪ್ಲೇಯರುಗಳನ್ನು ರಿಪೇರಿ ಮಾಡುವುದೂ ಹೊಸವನ್ನು ಮಾರುವುದೂ ಅವರ ಕೆಲಸ. ನಮ್ಮ ಕಥೆಯನ್ನು ಪೂರ್ತಿ ಕೇಳಿ, ಡಿಸ್ಕನ್ನು ದೀಪಕ್ಕೆ ಹಿಡಿದು ನೋಡಿದರು. “ಮನೆಯ ಪ್ಲೇಯರಿನಲ್ಲಿ ಡಿ.ವಿ.ಡಿ. ಬರುತ್ತೆ, ಇದು ಬರೋದಿಲ್ಲ, ಅಲ್ವೇ? ಹಾಗಾದರೆ ಅದಕ್ಕೆ ಒಂದು ಕಣ್ಣು ಮುಚ್ಚಿದೆ” ಎಂದರು.

ಅವರು ವಿವರಿಸಿದುದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುವೆವು. ಡಿ.ವಿ.ಡಿ.ಯ ಮೇಲಿನ ಗುರುತುಗಳು ಬಹು ಸೂಕ್ಷ್ಮ. ಅವನ್ನು ಕೆಂಪು ಬೆಳಕಿನ ಲೇಸರು ಓದುವುದು. ಸಿ.ಡಿ. ಮತ್ತು ವಿ.ಸಿ.ಡಿ.ಗಳ ಗುರುತುಗಳು ಅದಕ್ಕಿಂತ ದೊಡ್ಡವು. ಅವನ್ನು ಕಣ್ಣಿಗೆ ಸರಿಯಾಗಿ ಕಾಣದ, ಕೆಂಪಿನಿಂದ ಆಚೆಯ ಬೆಳಕಿನಿಂದ ಓದಬೇಕು. ಆದುದರಿಂದ ಎರಡನ್ನೂ ನಡೆಸುವ ಯಂತ್ರಕ್ಕೆ ಎರಡು ಬೆಳಕುಗಳು ಇರುವುವು. ಒಂದು ಸೋತರೂ ಇನ್ನೊಂದು ಕೆಲಸ ಮಾಡುತ್ತಿರುವುದು. ಇದಲ್ಲದೆ, ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕು ಬೇರೆ, ಫೋಟೋದವನು ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಡಿಸ್ಕು ಬೇರೆ. ಎರಡನೆಯದರಲ್ಲಿ ಗುರುತು ಮೂಡುವುದು ಒಂದು ಬಗೆಯ ಬಣ್ಣದ ಲೇಪದಲ್ಲಿ. ಬಿಸಿಲಿಗೂ ಶಾಖಕ್ಕೂ ವಯಸ್ಸಿಗೂ ಆ ಬಣ್ಣ ಮಾಸುವುದು. ಮಾಸಿದ ಬರೆಹವನ್ನು ಒಬ್ಬರು ಓದಲಾರದಿದ್ದರೆ ಇನ್ನೊಬ್ಬರು ಓದಿಯಾರು. ಯಂತ್ರಗಳ ವಿಷಯವೂ ಹಾಗೆಯೇ. ಬೆಲೆ ಹೆಚ್ಚಾದ ಮಾತ್ರಕ್ಕೆ ಕಣ್ಣು ಚುರುಕಾಗಿರಬೇಕೆಂದಿಲ್ಲ. ಬ್ಲೂ-ರೇ ಪ್ಲೇಯರುಗಳಲ್ಲಿಯೂ ಕೆಲವು ವಿ.ಸಿ.ಡಿ.ಯನ್ನು ಮುಟ್ಟುವುದೇ ಇಲ್ಲ.

“ಒರೆಸಿದವರು ಯಾರು?” ಎಂದು ಕೇಳಿದರು. ಅಮ್ಮನ ಸೆರಗಿನ ಸಂಗತಿಯನ್ನು ಹೇಳಿದೆವು. ಅವರು ಮುಗುಳುನಕ್ಕು, ಮೆತ್ತನೆಯ ಬಟ್ಟೆಯಿಂದ ಡಿಸ್ಕಿನ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ತೋರಿಸಿದರು; ಸುತ್ತಲೂ ವೃತ್ತವಾಗಿ ಉಜ್ಜಿದರೆ ಬೀಳುವ ಗೀರು ಬರೆಹದ ಜಾಡಿನಲ್ಲಿಯೇ ಬೀಳುವುದಂತೆ. ಅನಂತರ 2,600 ರೂಪಾಯಿ ಬೆಲೆಯ ಸಾದಾ ಯಂತ್ರವೊಂದಕ್ಕೆ ಅದನ್ನು ಹಾಕಿದರು. ಕೆಲವು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ಪರದೆಯ ಮೇಲೆ ನಮ್ಮ ಮನೆಯ ಬಾಗಿಲ ಮಾವಿನ ತೋರಣ ಮೂಡಿತು. ಹಿಂದೆಯೇ ತಂದೆಯವರ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿಸಿತು. ಅಕ್ಕ ಮುಖವನ್ನು ಆ ಕಡೆಗೆ ತಿರುಗಿಸಿಕೊಂಡಳು. ಮುದುಕರೂ ಧ್ವನಿಯನ್ನು ತಗ್ಗಿಸಿ, ಬೆಸೆಯುವ ಕಡ್ಡಿಯನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಕೇಳಿದರು.

ಮುಖ್ಯವಾದ ಪರೀಕ್ಷೆಯಲ್ಲಿ ಯಂತ್ರ ಗೆದ್ದಿತು. ಉಳಿದ ನಾಲ್ಕನ್ನೂ ಬಿಡಲಿಲ್ಲ. ‘ಬಂಗಾರದ ಮನುಷ್ಯ’ ಸಲೀಸಾಗಿ ನಡೆಯಿತು. ಅಮೆರಿಕೆಯ ಡಿಸ್ಕನ್ನು ಹಾಕುವ ಮೊದಲು ಅವರು ಯಂತ್ರದ ಬೆನ್ನಿನ ಮೇಲಿನ ಗೋಲದ ಗುರುತನ್ನು ತೋರಿಸಿದರು. ಚಿತ್ರಗಳನ್ನು ಮಾರುವವರು ಲೋಕವನ್ನು ಸೀಮೆಗಳಾಗಿ ಹಂಚಿಕೊಂಡಿರುವರು. ಅಮೆರಿಕೆಯದು 1ನೆಯ ಸೀಮೆ, ನಮ್ಮ ದೇಶ 5ನೆಯದು. 5 ಎಂದು ಮಾತ್ರ ಗುರುತಿರುವ ಯಂತ್ರವು 1ರ ಡಿಸ್ಕನ್ನು ಒಲ್ಲೆನೆನ್ನುವುದು. ಇದರಲ್ಲಿ ಎಲ್ಲ ಸೀಮೆಗಳಿಗೂ ಅವಕಾಶವಿದ್ದಿತು. ಅಲ್ಲಿಯ ಎನ್.ಟಿ.ಎಸ್.ಸಿ. ಚಿತ್ರದಲ್ಲಿ 480 ಗೆರೆ, ನಮ್ಮ ಪಾಲ್ ಚಿತ್ರದಲ್ಲಿ 576 ಗೆರೆ ಎಂಬ ಭೇದವೂ ಉಂಟು. ಇವೆರಡನ್ನೂ ಯಂತ್ರ ಬಲ್ಲುದೇ ಎಂದು ಕೇಳಿಕೊಳ್ಳಬೇಕು. ಬಂಧುಗಳು ಮನೆಯಲ್ಲಿ ತುಂಬಿಸಿ ಕಳುಹಿಸಿದ ಡಿಸ್ಕಿಗೆ ಸೀಮೆಯ ಕಟ್ಟು ಇಲ್ಲದಿದ್ದರೂ ಗೆರೆಗಳ ಭೇದ ಇದ್ದೇ ಇರುವುದು.

ಬದರೀಯಾತ್ರೆಯ ಡಿಸ್ಕು ಇನ್ನೊಂದು ಪಾಠವನ್ನು ಕಲಿಸಿತು. ಅದರಲ್ಲಿದ್ದುವು ‘ಎ.ವಿ.ಐ.’ ಎಂಬ ಫೈಲುಗಳು. ಪೆಟ್ಟಿಗೆಯ ಮೇಲೆ ಆ ಹೆಸರಿದ್ದರೆ ಸಾಲದೇ ಎಂದು ನಾವು ಕೇಳಿದೆವು. “ಅದು ಡಬ್ಬಿಯ ಹೆಸರು ಸಾರ್, ಒಳಗಿನ ಪದಾರ್ಥದ್ದಲ್ಲ” ಎಂದರು. ನಮ್ಮ ಅಡಿಗೆಮನೆಯಲ್ಲಿ ‘ಸಕ್ಕರೆ’ ಎಂದು ಬರೆದ ಡಬ್ಬಿಯೊಳಗೆ ರವೆ ಇರುವುದಿಲ್ಲವೇ? ಎ.ವಿ.ಐ., ಎಂ.ಪಿ.4, ಎಂ.ಕೆ.ವಿ. ಎಂಬುವು ಡಬ್ಬಿಗಳು. ಒಳಗಿನ ಚಿತ್ರವನ್ನು ಎಕ್ಸ್‌ವಿಡ್, ಡಿವ್‌ಎಕ್ಸ್, ಎಚ್.264 ಮೊದಲಾದ ಬೇರೆ ಬೇರೆ ರೀತಿಗಳಲ್ಲಿ ಅಡಕಮಾಡಿರುವರು. ಡಬ್ಬಿಯನ್ನು ತೆರೆಯಬಲ್ಲ ಯಂತ್ರವು ಒಳಗಿನದನ್ನು ಅರಗಿಸಿಕೊಳ್ಳಬಲ್ಲುದೆಂದು ಹೇಳಲಾಗದು. ಆಗ ಧ್ವನಿ ಬಂದು ಚಿತ್ರ ಬಾರದೆ ಹೋಗುವುದೂ ಉಂಟು. ಬದರಿಯ ದೃಶ್ಯಗಳು ಎಕ್ಸ್‌ವಿಡ್ ರೀತಿಯವು. ಅಲಕನಂದೆ ಭೋರ್ಗರೆಯುತ್ತ ಪರದೆಗೆ ಬಂದಳು.

ಪೆನ್ ಡ್ರೈವಿನ ನಾಮಕರಣ ಮಾತ್ರ ನಡೆಯಲಿಲ್ಲ. ಮೊಬೈಲುಗಳು ಚಿತ್ರಿಸುವುದು ಎಚ್.264 ಅಥವಾ ಅದಕ್ಕಿಂತಲೂ ಹೊಸದಾದ ಎಚ್.265 ರೀತಿಯಲ್ಲಿ, ಅಗ್ಗದ ಡಿ.ವಿ.ಡಿ. ಪ್ಲೇಯರುಗಳಲ್ಲಿ ಹೆಚ್ಚಿನವಕ್ಕೆ ಅದು ಎಟುಕದು. ನಾವು ಸಪ್ಪೆಮೋರೆ ಹಾಕಿದುದನ್ನು ಕಂಡು ಅವರು, “ಮನೆಯ ಟಿ.ವಿ. ಹೊಸದೋ? ಅದಕ್ಕೆ ಪೆನ್ ಡ್ರೈವು ಹಾಕೋ ಜಾಗ ಇದೆಯೋ?” ಎಂದರು. ಇದೆಯೆಂದೆವು. “ಹಾಗಾದರೆ ಅದನ್ನು ಟಿ.ವಿ.ಗೇ ಹಾಕಿ. ಟಿ.ವಿ. ಮಾಡೋ ಕೆಲಸಕ್ಕೆ ಪ್ಲೇಯರಿಗೆ ಯಾಕೆ ದುಡ್ಡು ಕೊಡಬೇಕು?” ಇದು ವ್ಯಾಪಾರಿಯ ಮಾತಲ್ಲ, ಹಿರಿಯರ ಮಾತು ಎನಿಸಿತು. ಪೆನ್ ಡ್ರೈವನ್ನು ಪ್ಲೇಯರಿಗೆ ಹಾಕುವುದಾದರೆ ಅದನ್ನು ‘ಫ್ಯಾಟ್ 32’ ಎಂಬ ಕ್ರಮದಲ್ಲಿ ಸಿದ್ಧಪಡಿಸಿರಬೇಕೆಂದೂ, ಆಗ ಒಂದು ಫೈಲು 4 ಜಿ.ಬಿ.ಗಿಂತ ಹಿರಿದಾಗಕೂಡದೆಂದೂ ಸೇರಿಸಿದರು.

ಎಚ್.ಡಿ.ಎಂ.ಐ. ಕಿಂಡಿಯೂ ಕೆಂಪು, ಬಿಳಿ, ಹಳದಿ ತಂತಿಗಳ ಹಳೆಯ ಕಿಂಡಿಯೂ ಎರಡೂ ಯಂತ್ರಕ್ಕಿವೆಯೆಂದು ನೋಡಿಕೊಂಡೆವು. ರಿಮೋಟಿನ ಅಕ್ಷರಗಳು ಅಮ್ಮನಿಗೆ ಕಾಣುವಷ್ಟು ದೊಡ್ಡವೇ ಎಂದು ಅಕ್ಕ ಪರೀಕ್ಷಿಸಿದಳು. ರಸೀತಿಯನ್ನು ಬರೆದು ಕೊಡುತ್ತ ಮುದುಕರು ಕಡೆಯ ಮಾತನ್ನು ಹೇಳಿದರು: “ಯಂತ್ರ ಮಾರಿದೆ ಅಂತ ಸುಮ್ಮನಿರೋಕೆ ಮನಸ್ಸು ಬರೋಲ್ಲ. ಈ ಡಿಸ್ಕು ಇನ್ನೆಷ್ಟು ದಿನವೋ ಹೇಳೋಕಾಗಲ್ಲ. ಓದುತ್ತಿರೋವಾಗಲೇ ನಕಲು ಮಾಡಿಟ್ಟುಕೊಳ್ಳಿ.” ಕಂಪ್ಯೂಟರಿಗೆ ಹೊರಗಿನಿಂದ ಸಿಕ್ಕಿಸುವ ಡಿ.ವಿ.ಡಿ. ಡ್ರೈವು ಅದೇ ರಸ್ತೆಯಲ್ಲಿ ದೊರೆಯಿತು. ವಿ.ಸಿ.ಡಿ.ಯಲ್ಲಿ ‘ಎಂ.ಪಿ.ಇ.ಜಿ.ಎ.ವಿ.’ ಎಂಬ ಹೆಸರಿನ ಫೋಲ್ಡರು ಇರುವುದು, ಅದರೊಳಗಿನ ‘ಡಿ.ಎ.ಟಿ.’ ಫೈಲೇ ಚಿತ್ರ. ಅದನ್ನು ಕಂಪ್ಯೂಟರಿಗೆ ಎಳೆದುಕೊಂಡರೆ ನಕಲು ಆದಂತೆಯೇ.

ಪುರಭವನದ ಎದುರಿಗೆ ಬಂದಾಗ ಸಂಜೆಯ ಬಿಸಿಲು 1935ರ ಆ ಕಲ್ಲುಕಂಬಗಳ ಮೇಲೆ ಬಿದ್ದಿತ್ತು. ಅಲ್ಲಿಯೇ ಕುಳಿತು ಚಪಾತಿಯನ್ನು ಮುಗಿಸಿ ನಿಲ್ದಾಣಕ್ಕೆ ಹೊರಟೆವು. ಬರುವಾಗ ಗಾಡಿಯಲ್ಲಿ ಎಷ್ಟೇ ನೂಕಾಟವಿದ್ದರೂ ಯಂತ್ರದ ಪೆಟ್ಟಿಗೆ ನಮ್ಮ ಮಡಿಲಿನಿಂದ ಇಳಿಯಲಿಲ್ಲ.

ಮನೆಗೆ ಬಂದ ರಾತ್ರಿಯೇ ಅಮ್ಮ, “ಹಾಕಿ ನೋಡೋಣ” ಎಂದರು. ದೊಡ್ಡ ಪರದೆಯ ಮೇಲೆ ತಂದೆಯವರು ಮೂಡಿದೊಡನೆ ಅಮ್ಮನ ಹುಬ್ಬು ಗಂಟಿಕ್ಕಿತು. “ಇವರು ಇಷ್ಟು ದಪ್ಪ ಯಾವಾಗ ಆಗಿದ್ದರು?” ಎಂದರು. ಹಳೆಯ ಚಿತ್ರವು 4 ಕ್ಕೆ 3 ರ ಅಳತೆಯದು, ಹೊಸ ಟಿ.ವಿ. ಅದನ್ನು ಅಗಲಕ್ಕೆ ಎಳೆದಿತ್ತು. ಅಳತೆಯನ್ನು ಸರಿಪಡಿಸಿದ ಮೇಲೆ ಎರಡು ಪಕ್ಕದಲ್ಲಿಯೂ ಕಪ್ಪು ಅಂಚು ನಿಂತು, ನಡುವೆ ನಮ್ಮ ತೆಳ್ಳನೆಯ ತಂದೆಯವರು ಕುಳಿತರು. ವಿ.ಸಿ.ಡಿ.ಯ ಚಿತ್ರವು 352ಕ್ಕೆ 288 ಚುಕ್ಕೆಗಳಷ್ಟೆ. ಮುಖ ಸ್ವಲ್ಪ ಮಸುಕಾಗಿಯೇ ಇದ್ದಿತು. ಧ್ವನಿ ಮಾತ್ರ ನಿಚ್ಚಳವಾಗಿತ್ತು.

ಅರ್ಧ ಗಂಟೆಯಾದ ಮೇಲೆ ಒಂದು ಪದ್ಯದ ನಡುವೆ ಚಿತ್ರ ತಟಕ್ಕನೆ ನಿಂತಿತು. ನಾವು ರಿಮೋಟಿಗೆ ಕೈಚಾಚುವಷ್ಟರಲ್ಲಿ ಅಮ್ಮ ಕಣ್ಣು ಮುಚ್ಚಿ, ನಿಂತ ಪದದಿಂದಲೇ ಎತ್ತಿಕೊಂಡು, ಅದೇ ರಾಗದಲ್ಲಿ, ತಗ್ಗಿದ ಧ್ವನಿಯಲ್ಲಿ ಆ ಪದ್ಯವನ್ನು ಮುಗಿಸಿದರು. ಅವರಿಗೆ ಅದು ಬಾಯಿಗೆ ಬರುತ್ತಿತ್ತೆಂಬುದು ಅಂದಿನ ವರೆಗೆ ನಮಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಯಂತ್ರವು ಎಡವಿದ ಸ್ಥಳವನ್ನು ದಾಟಿ ಮುಂದಿನ ಪದ್ಯವನ್ನು ಹಿಡಿಯಿತು. ಮಾರನೆಯ ಬೆಳಿಗ್ಗೆ ಬೇರೆ ಕೆಲಸವನ್ನೆಲ್ಲ ಬಿಟ್ಟು ಎರಡು ಡಿಸ್ಕುಗಳನ್ನೂ ಮೂರು ಕಡೆ ನಕಲು ಮಾಡಿದೆವು. ನಿಂತ ಆ ಒಂದು ಸ್ಥಳ ನಕಲಿನಲ್ಲಿಯೂ ಸ್ವಲ್ಪ ಒಡೆದೇ ಇದೆ. ಅದೊಂದು ಪದ್ಯವನ್ನು ಅಮ್ಮನ ಕಂಠದಿಂದಲೇ ಬೇರೆಯಾಗಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡೆವು.

ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ನಿಮ್ಮ ಮನೆಯಲ್ಲಿಯೂ ಮದುವೆಯದೋ ಉಪನಯನದ್ದೋ ಹಿರಿಯರ ಮಾತಿನದೋ ಡಿಸ್ಕುಗಳು ಬೀರುವಿನ ಮೂಲೆಯಲ್ಲಿ ಇದ್ದಾವು. ಅವನ್ನು ಬಿಸಿಲು ಬೀಳದ ಕಡೆ ನೆಟ್ಟಗೆ ನಿಲ್ಲಿಸಿ ಇಡಿರಿ. ಪ್ಲೇಯರನ್ನು ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಹೆಸರುಗಳನ್ನು ಎಣಿಸಬೇಡಿರಿ. ನಿಮ್ಮಲ್ಲಿರುವ ಡಿಸ್ಕುಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಅಂಗಡಿಗೆ ಕೊಂಡೊಯ್ದು ಹಾಕಿಸಿರಿ. ಅದನ್ನು ಓದಿದ ಯಂತ್ರವೇ ನಿಮ್ಮ ಯಂತ್ರ. ಮನೆಗೆ ತಂದ ಮೇಲೆ ಮೊದಲ ಕೆಲಸವಾಗಿ ನಕಲು ಮಾಡಿಕೊಳ್ಳಿರಿ. ಡಿಸ್ಕಿನಲ್ಲಿರುವವರ ಜೊತೆಗೆ ಬಾಳಿದವರು ಮನೆಯಲ್ಲಿ ಇನ್ನೂ ಇದ್ದರೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿರಿ. ಯಂತ್ರ ಎಡವಿದ ಕಡೆ ಮುಂದಿನ ಪದ ಅವರಿಗೆ ತಿಳಿದಿರಬಹುದು.